ಸುನ್ಕೇಸರಿ ಮತ್ತು ನನ್ನ ಅಂಗಡಿಯ ಬೆಂಚು

ನನ್ನ ಚಹಾದಂಗಡಿಯ ಬೆಂಚಿಗೆ ಕಾಲುಗಳಿಲ್ಲ. ಎರಡು ಬದಿಗೆ ಚಪ್ಪಟೆ ಕಲ್ಲಿಟ್ಟು ಮೇಲೆ ಹಲಗೆ ಕೂರಿಸಿದ್ದೇನೆ. ಹೊಸಬರು ಬಂದು ಕೂತರೆ, "ಏನ್ ಸಾಹುಜಿ, ಇಷ್ಟು ವ್ಯಾಪಾರ ಮಾಡ್ತೀರ, ಒಂದು ನೆಟ್ಟಗಿರೋ ಬೆಂಚ್ ಮಾಡ್ಸೋಕಾಗಲ್ವಾ?" ಎಂದು ಕೇಳುತ್ತಾರೆ; ಅಂಗಡಿಯವನು ಇಲ್ಲಿ ಎಲ್ಲರಿಗೂ ಸಾಹುಜಿ. ಸಾಲ್ ಮರದ ಹಲಗೆ ಅದು, ನನ್ನಪ್ಪನ ಕಾಲದ್ದು, ನನಗಿಂತ ಗಟ್ಟಿಯಾಗಿದೆ. ಅದರ ಕಾಲು ಕಡಿದವನು ನಾನೇ, ಕಡಿಸಿದವಳು ಸುನ್ಕೇಸರಿ. ಅವಳ ವಿಷಯ ಹೇಳದೆ ಬೆಂಚಿನ ವಿಷಯ ಹೇಳಲಾಗುವುದಿಲ್ಲ.

ಆಲೆ ಮನೆತನದ ಸುನ್ಕೇಸರಿ ನಮ್ಮ ಗುಡ್ಡದೂರು ಸಿಮಲ್‌ಡಾಂಡಾದ ಆರೋಗ್ಯ ಸ್ವಯಂಸೇವಿಕೆ. ಹುದ್ದೆಯ ಹೆಸರು ಉದ್ದ, ಸಂಬಳ ಇಲ್ಲ. ಸರಕಾರ ಕೊಟ್ಟ ನೀಲಿ ಸೀರೆ ಉಟ್ಟು ಮನೆಮನೆಗೆ ಹೋಗಿ ಲಸಿಕೆಯ ದಿನ ಹೇಳುತ್ತಾಳೆ, ಬಸುರಿಯರಿಗೆ ಮಾತ್ರೆ ಕೊಡುತ್ತಾಳೆ, ಕೇಳದಿದ್ದರೂ ಬುದ್ಧಿ ಹೇಳುತ್ತಾಳೆ. ಆಳು ಗಿಡ್ಡ, ಗಂಟಲು ಮಾತ್ರ ದೊಡ್ಡದು. ಗುಡ್ಡದ ಆ ತುದಿಯಲ್ಲಿ ಅವಳು ಎಮ್ಮೆಗೆ ಬೈದರೆ ಈ ತುದಿಯಲ್ಲಿ ನನ್ನ ಗಿರಾಕಿ ಬೀಡಿ ಆರಿಸಿಬಿಡುತ್ತಾನೆ.

ನಮ್ಮಲ್ಲಿ ಮಾಘ ಕಳೆದರೆ ನೆಲದ ಮೇಲೆ ಹುಲ್ಲು ಉಳಿಯುವುದಿಲ್ಲ. ಎಮ್ಮೆ ಮೇಕೆಗಳ ಹೊಟ್ಟೆ ತುಂಬಬೇಕಾದರೆ ಹೆಂಗಸರು ಮರ ಹತ್ತಬೇಕು. ಸೊಂಟಕ್ಕೆ ಬಟ್ಟೆ ಬಿಗಿದು, ಅದಕ್ಕೆ ಕುಡುಗೋಲು ಸಿಕ್ಕಿಸಿ, ಬರಿಗಾಲಲ್ಲಿ ತುದಿಕೊಂಬೆಯ ತನಕ ಹೋಗಿ ಸೊಪ್ಪು ಕಡಿದು ಕೆಡವುತ್ತಾರೆ. ಗಂಡಸರು ಕೆಳಗೆ ನಿಂತು ಸಲಹೆ ಕೊಡುತ್ತಾರೆ. ಪ್ರತಿ ವರ್ಷ ಒಬ್ಬಿಬ್ಬರು ಬೀಳುತ್ತಾರೆ. ಹಣೆಬರಹ ಎಂದು ಹೇಳಿ ನಾವು ಮುಂದಿನ ಕೆಲಸ ನೋಡುತ್ತಿದ್ದೆವು.

ಬಿದ್ದವರನ್ನು ನದಿದಂಡೆಯ ಜೀಪು ರಸ್ತೆಗೆ ಇಳಿಸಬೇಕು. ಅಲ್ಲಿಯವರೆಗೂ ಕಲ್ಲಿನ ಮೆಟ್ಟಿಲು, ಎಮ್ಮೆ ಕೂಡ ಯೋಚಿಸಿ ಕಾಲಿಡುವಂಥದ್ದು. ಈ ಕೆಲಸಕ್ಕೆ ನಮ್ಮೂರಲ್ಲಿ ಇದ್ದವನು ಒಬ್ಬನೇ, ಸುನ್ಕೇಸರಿಯ ಗಂಡ ಖಿಮ್‌ಲಾಲ್. ನಾವು ಸೌದೆ, ಗೊಬ್ಬರ, ಜೋಳ ಎಲ್ಲ ಹೊರುವುದು ಡೋಕೊದಲ್ಲಿ. ಬೆನ್ನ ಮೇಲೆ ಬಿದಿರ ಬುಟ್ಟಿ, ಅದನ್ನು ಎಳೆದು ಹಿಡಿಯಲು ಹಣೆಗೆ ನಾರಿನ ಪಟ್ಟಿ. ರೋಗಿಯನ್ನು ಹೊರುವ ಡೋಕೊಗೆ ಒಂದು ಮಗ್ಗುಲು ಕತ್ತರಿಸಿರುತ್ತಾರೆ. ರೋಗಿ ಹಿಂದಕ್ಕೆ ಮುಖ ಮಾಡಿ ಮುದುರಿ ಕೂರಬೇಕು, ಕಾಲು ಹೊರಗೆ ನೇತಾಡುತ್ತಿರುತ್ತವೆ. ಹೆರಿಗೆಯ ನೋವು ತಿನ್ನುವ ಹೆಂಗಸರನ್ನು, ಜ್ವರದ ಮುದುಕರನ್ನು ಖಿಮ್‌ಲಾಲ್ ಹೀಗೇ ಇಳಿಸಿದ್ದಾನೆ, ನಡುವೆ ಎಲ್ಲೂ ಕೆಳಗಿಡದೆ. ಖಿಮ್‌ಲಾಲ್ ಹೊತ್ತನೆಂದರೆ ಬದುಕಿದ ಹಾಗೆ ಎಂದು ಜನ ಹೇಳುತ್ತಿದ್ದರು. ಅವನು ಅದನ್ನು ಕೇಳಿಸಿಕೊಳ್ಳದವನಂತೆ ನಟಿಸುತ್ತ ಇನ್ನೊಂದು ಲೋಟ ಚಹಾ ಕುಡಿಯುತ್ತಿದ್ದ.

ಸುನ್ಕೇಸರಿಯ ಅಕ್ಕ ತಿಲ್‌ಕುಮಾರಿಯನ್ನೂ ಇದೇ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಸೊಪ್ಪಿಗೆಂದು ಹತ್ತಿದ್ದ ಬಡಹರ ಮರದಿಂದ ಅವಳು ಬಿದ್ದ ದಿನ ನಾನೂ ಓಡಿಹೋಗಿದ್ದೆ. ಮರದ ಬುಡದಲ್ಲಿ ಅಂಗಾತ ಬಿದ್ದುಕೊಂಡು ಮರಕ್ಕೆ, ಮರ ನೆಟ್ಟ ಮಾವನಿಗೆ, ಎಲ್ಲರಿಗೂ ಬೈಯುತ್ತಿದ್ದಳು. ಅವಳು ಕಡಿದ ಸೊಪ್ಪಿಗೆ ಪಕ್ಕದ ಮನೆಯ ಮೇಕೆ ಬಾಯಿ ಹಾಕಿತು. ಮಲಗಿದ್ದಲ್ಲಿಂದಲೇ ಕಾಲು ಬೀಸಿ ಅದನ್ನು ಒದ್ದಳು. ನಾವೆಲ್ಲ ನಕ್ಕೆವು. ಏನೂ ಆಗಿಲ್ಲ, ಬೆನ್ನು ಉಳುಕಿದೆ ಅಷ್ಟೇ ಎಂದುಕೊಂಡೆವು. ಖಿಮ್‌ಲಾಲ್ ಅವಳನ್ನು ಡೋಕೊದಲ್ಲಿ ಕೂರಿಸಿಕೊಂಡು ಓಡಿದ. ನಿಜವಾಗಿಯೂ ಓಡಿದ. ನಾವು ಹಿಂದೆ ಬಿದ್ದೆವು.

ಆಸ್ಪತ್ರೆಯಲ್ಲಿ ಇಳಿಸಿದಾಗ ತಿಲ್‌ಕುಮಾರಿಯ ಕಾಲು ಅಲುಗಲಿಲ್ಲ. ಆಮೇಲೆ ಎಂದೂ ಅಲುಗಲಿಲ್ಲ. ಡಾಕ್ಟರು ಸುನ್ಕೇಸರಿಯನ್ನು ಕರೆದು, "ಬಿದ್ದ ಮೇಲೆ ಕಾಲು ಆಡಿಸ್ತಿದ್ರಾ?" ಎಂದು ಕೇಳಿದರಂತೆ.

"ಮೇಕೆಗೆ ಒದ್ದಳು ಸಾರ್."

ಡಾಕ್ಟರು, "ಹಾಗಾದ್ರೆ ದಾರೀಲಿ ಹೋಗಿದೆ ಕಣಮ್ಮ. ಮುರಿದ ಬೆನ್ನನ್ನ ಬಗ್ಗಿಸಿ ಕೂರಿಸಿದ್ದಕ್ಕೆ ಒಳಗಿನ ನರ ಕತ್ತರಿಸಿದೆ. ಮಲಗಿಸ್ಕೊಂಡು ತರಬೇಕಿತ್ತು," ಎಂದರಂತೆ.

ಖಿಮ್‌ಲಾಲ್ ಆಗ ಎಲ್ಲರಿಗೂ ಚಹಾ ತರಲು ಹೊರಗೆ ಹೋಗಿದ್ದ. ಅವನು ತಂದ ಚಹಾವನ್ನು ಸುನ್ಕೇಸರಿ ಕುಡಿದಳು, ಡಾಕ್ಟರ ಮಾತನ್ನು ಹೇಳಲಿಲ್ಲ. ನನಗೆ ಹೇಳಿದ್ದೂ ಎಷ್ಟೋ ವರ್ಷದ ಮೇಲೆ, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಾಗ. "ಅವ್ರಿಗೆ ಹೆಂಗ್ ಹೇಳ್ಲಿ ಸಾಹುಜಿ? ಅಕ್ಕನ್ನ ಉಳಿಸ್ದೆ ಅಂತ ಅವ್ರು ಅಂದ್ಕೊಂಡಿದಾರೆ," ಎಂದಳು.

ತಿಲ್‌ಕುಮಾರಿಯ ಗಂಡ ಮಲೇಷ್ಯಾಕ್ಕೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ನೆಲೆ ನಿಂತ. ಅಯೋಗ್ಯ, ಇನ್ನೇನು ಹೇಳಲಿ. ಖಿಮ್‌ಲಾಲ್ ತನ್ನ ಅಂಗಳದಲ್ಲೇ ಅತ್ತಿಗೆಗೆ ಒಂದು ಕೋಣೆ ಕಟ್ಟಿಕೊಟ್ಟ. ಅವಳು ಬಾಗಿಲಲ್ಲಿ ಕೂತು ತುರಿಕೆಗಿಡದ ನಾರಿನಿಂದ ಹಣೆಪಟ್ಟಿ ನೇಯುತ್ತಾಳೆ. ಡೋಕೊ ಹೊರುವವರಿಗೆಲ್ಲ ಅವಳ ಪಟ್ಟಿಯೇ ಬೇಕು. ಖಿಮ್‌ಲಾಲನ ಹಣೆಗೆ ಕಟ್ಟುವುದೂ ಅವಳು ನೇಯ್ದದ್ದೇ.

ಆಮೇಲೆ ಒಂದು ವರ್ಷ ಜಿಲ್ಲೆಯಿಂದ ನರ್ಸಮ್ಮ ಬಂದು ಸ್ವಯಂಸೇವಿಕೆಯರಿಗೆ ತರಬೇತಿ ಕೊಟ್ಟರು. ಬಿದ್ದರೆ ಏನು, ಸುಟ್ಟರೆ ಏನು, ರಕ್ತ ನಿಲ್ಲದಿದ್ದರೆ ಏನು ಎಂದು. ಸುನ್ಕೇಸರಿ ಅಲ್ಲಿಂದ ಎರಡು ಹಟ ಹಿಡಿದುಕೊಂಡು ಬಂದಳು. ಒಂದು ಹಗ್ಗ, ಇನ್ನೊಂದು ಹಲಗೆ.

ಹಗ್ಗದ್ದು ಸುಲಭ. ಮರ ಹತ್ತುವವರು ಸೊಂಟಕ್ಕೆ ಹಗ್ಗ ಕಟ್ಟಿ ಗಟ್ಟಿ ಕೊಂಬೆಗೆ ಬಿಗಿದುಕೊಳ್ಳಬೇಕು, ಅಷ್ಟೇ. ನೀರಿನ ಕಟ್ಟೆಯ ಹತ್ತಿರ ಹೆಂಗಸರು ಬಿದ್ದು ಬಿದ್ದು ನಕ್ಕರು.

"ನಾವೇನ್ ಮೇಕೆಗಳಾ ದೀದಿ, ಮರಕ್ಕೆ ಕಟ್ಟಾಕೋಕೆ?"

"ಮೇಕೆ ಬಿದ್ರೆ ಮಾಂಸ ಆದ್ರೂ ಸಿಗತ್ತೆ. ನೀನ್ ಬಿದ್ರೆ ಏನ್ ಸಿಗತ್ತೆ?" ಎಂದಳು ಸುನ್ಕೇಸರಿ.

ನಕ್ಕವರೇ ಒಬ್ಬೊಬ್ಬರಾಗಿ ಕಟ್ಟಿಕೊಳ್ಳತೊಡಗಿದರು. ಮನೆಯ ಹತ್ತಿರದ ಮರಗಳ ತಲೆಯನ್ನು ಎದೆಯೆತ್ತರಕ್ಕೆ ಕಡಿಸಿದಳು. ಚಿಗುರು ಅಲ್ಲೇ ಒಡೆಯಿತು, ನೆಲದ ಮೇಲೆ ನಿಂತೇ ಸೊಪ್ಪು ಕೊಯ್ಯುವಂತಾಯಿತು. ಕಡಿಯಲು ಬಿಡದ ಮುದುಕರ ಬಾಗಿಲಲ್ಲಿ ಹೋಗಿ ಕೂತಳು. ಅವಳು ಕೂತರೆ ಏಳಿಸುವುದಕ್ಕಿಂತ ಮರ ಕಡಿಯುವುದು ಸುಲಭ ಎಂದು ಅವರಿಗೂ ಗೊತ್ತಾಯಿತು.

ಹಲಗೆಯ ಮಾತು ಮಾತ್ರ ಕೆಟ್ಟಿತು. ಅರಳಿಕಟ್ಟೆಯ ಮೇಲೆ ಊರವರನ್ನೆಲ್ಲ ಸೇರಿಸಿದಳು. ನಡುವೆ ಅರ್ಧ ಮುರಿದ ಒಂದು ಜೋಳದ ದಂಟನ್ನು ಹಲಗೆಯ ಮೇಲೆ ಮಲಗಿಸಿ ಎತ್ತಿ ತೋರಿಸಿದಳು. ದಂಟು ಹಾಗೇ ಇತ್ತು. ಆಮೇಲೆ ಅದನ್ನೇ ಬಗ್ಗಿಸಿ ಒಂದು ಡೋಕೊದೊಳಗೆ ಇಟ್ಟಳು. ಲಟ್ಟೆಂದು ಪೂರಾ ಮುರಿಯಿತು. "ಬೆನ್ನೂ ಇಷ್ಟೇ," ಎಂದಳು.

ಅವಳ ಅತ್ತೆ ಮನ್ಸರಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಹಲ್ಲು ಕಡಿಮೆಯಾದ ಮೇಲೆ ಮಾತು ಜಾಸ್ತಿಯಾದ ಮುದುಕಿ. "ಏ ಸೊಸೆ! ನಾಲ್ಕು ಹೆಗಲ ಮೇಲೆ ಮಲಗ್ಕೊಂಡು ಈ ಮೆಟ್ಲು ಇಳಿಯೋದು ಒಂದೇ ಸಲ. ಉಸಿರು ಆಡ್ತಿರೋರಿಗೇ ಚಟ್ಟ ಕಟ್ತೀಯಾ? ಥೂ, ಬಾಯಲ್ಲಿ ಬೇರೆ ಮಾತ್ ಬರಲ್ವಾ ನಿಂಗೆ?" ಎಂದಳು.

ನಮ್ಮಲ್ಲಿ ಅದು ತಮಾಷೆಯ ವಿಷಯವಲ್ಲ. ಬದುಕಿದವನು ಕೂತು ಹೋಗುತ್ತಾನೆ, ಸತ್ತವನು ಮಲಗಿ ಹೋಗುತ್ತಾನೆ. ಬದುಕಿದವನನ್ನು ಮಲಗಿಸಿ ಹೊತ್ತರೆ ಸಾವನ್ನು ಕರೆದು ಕೂರಿಸಿದ ಹಾಗೆ. ಎಲ್ಲರೂ ಮುದುಕಿಯ ಕಡೆಗೇ ತಲೆಯಾಡಿಸಿದರು, ನಾನೂ ಆಡಿಸಿದೆ. ಆದರೆ ಮುರಿದ ದಂಟನ್ನು ನೋಡುತ್ತ ಕೆಲವರ ಕಣ್ಣು ತಾವಾಗಿಯೇ ಖಿಮ್‌ಲಾಲನ ಕಡೆ ತಿರುಗಿದವು. ಅವನೇನು ದಡ್ಡನಲ್ಲ. ಕೈಯಲ್ಲಿದ್ದ ಚಹಾವನ್ನು ನೆಲಕ್ಕೆ ಚೆಲ್ಲಿ ಎದ್ದು ಹೋದ. ಆ ದಿನದಿಂದ ಗಂಡ ಹೆಂಡತಿಯ ಮಧ್ಯೆ ಊಟಕ್ಕೆ ಬಾ, ಎಮ್ಮೆ ಕಟ್ಟು ಎನ್ನುವಷ್ಟೇ ಮಾತು.

ಅವಳು ಅಷ್ಟಕ್ಕೇ ಬಿಡಲಿಲ್ಲ. ನನ್ನ ಅಂಗಡಿಗೆ ಬಂದು ಬೆಂಚನ್ನು ಗೇಣಿನಲ್ಲಿ ಅಳೆದಳು.

"ಸಾಹುಜಿ, ಇದರ ಕಾಲ್ ತೆಗ್ಸಿಕೊಡಿ. ಕೆಳಗೆ ಎರಡು ಬಿದಿರು ಕಟ್ಟಿದ್ರೆ ಆಳು ನೆಟ್ಟಗೆ ಮಲಗ್ಬೋದು."

"ನಿನ್ ತಲೆ ನೆಟ್ಟಗಿದ್ಯಾ? ನಮ್ಮಪ್ಪ ಮಾಡ್ಸಿದ್ದು. ಗಿರಾಕಿಗಳನ್ನ ನಿನ್ ತಲೆ ಮೇಲೆ ಕೂರಿಸ್ಲಾ?"

"ತಿಲು ಅಕ್ಕ ಬಿದ್ದಾಗ್ಲೂ ಈ ಬೆಂಚ್ ಇಲ್ಲೇ ಇತ್ತಲ್ಲ," ಎಂದು ಹೇಳಿ ಹೊರಟುಹೋದಳು. ಹೌದು, ಇತ್ತು. ಮೇಲೆ ನಾಲ್ಕು ಜನ ಇಸ್ಪೀಟು ಆಡುತ್ತಿದ್ದರು. ಆ ಮಾತು ನನಗೆ ಬಹಳ ದಿನ ಚುಚ್ಚುತ್ತಿತ್ತು, ಆದರೂ ಬೆಂಚು ಕೊಡಲಿಲ್ಲ.

ಚೈತ್ರದಲ್ಲಿ ಮನ್ಸರಿ ಅಜ್ಜಿಯೇ ಬಿದ್ದಳು. ಊರೆಲ್ಲ ಹಗ್ಗ ಕಟ್ಟಿಕೊಂಡರೂ ಅವಳು ಕಟ್ಟಿರಲಿಲ್ಲ. "ನಿನ್ ಗಂಡ ಹೊಟ್ಟೇಲಿದ್ದಾಗ್ಲೇ ಈ ಮರ ಹತ್ತಿದೀನಿ ಕಣೇ," ಎನ್ನುತ್ತಿದ್ದಳು. ಕೊಂಬೆಗೂ ವಯಸ್ಸಾಗಿತ್ತು, ಮುರಿಯಿತು.

ಸುನ್ಕೇಸರಿಯ ಕೂಗು ನನ್ನ ಅಂಗಡಿಗೆ ಕೇಳಿಸಿತು. "ಸಾಹುಜೀ! ಬೆಂಚು!" ಅಷ್ಟೇ. ಕೂತಿದ್ದವರು ತಾವಾಗಿಯೇ ಎದ್ದು ನಿಂತರು. ನಾನು ಏನೂ ಯೋಚಿಸಲಿಲ್ಲ. ಕೊಡಲಿ ತಂದು ನಾಲ್ಕೂ ಕಾಲು ಕಡಿದೆ. ನನ್ನಪ್ಪನ ನೆನಪಾಯಿತು, ಆದರೂ ಕಡಿದೆ. ಅಲ್ಲಿ ಇಸ್ಪೀಟು ಆಡುತ್ತಿದ್ದವರಲ್ಲಿ ಇಬ್ಬರು ಬೇಲಿಯ ಬಿದಿರು ಕಿತ್ತು ತಂದು ಹಲಗೆಯ ಕೆಳಗೆ ಕಟ್ಟಿದರು. ಹಲಗೆ ಹೊತ್ತು ಸುನ್ಕೇಸರಿಯ ಅಂಗಳಕ್ಕೆ ಓಡಿದೆವು.

ಮನ್ಸರಿ ಅಜ್ಜಿ ಕಸದ ಗುಂಡಿಯ ಪಕ್ಕ ಅಂಗಾತ ಬಿದ್ದಿದ್ದಳು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಯಾರೂ ಮುಟ್ಟದಂತೆ ಸುನ್ಕೇಸರಿ ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

"ಅತ್ತೆ, ಕಾಲ್ಬೆರಳು ಆಡ್ಸಿ."

ಒಣಗಿದ ಹೆಬ್ಬೆರಳು ಮೇಲೆ ಕೆಳಗೆ ಆಡಿತು.

"ಇದೆ," ಎಂದು ಸುನ್ಕೇಸರಿ ನಮ್ಮ ಕಡೆ ನೋಡಿದಳು. "ಇದು ಇರ್ಬೇಕು. ರಸ್ತೆ ಮುಟ್ಟೋತನಕ ಇದು ಇರ್ಬೇಕು."

ಅಷ್ಟರಲ್ಲಿ ಖಿಮ್‌ಲಾಲ್ ಮಗ್ಗುಲು ಕತ್ತರಿಸಿದ ಡೋಕೊ ತಂದ. ಹಣೆಪಟ್ಟಿ ಆಗಲೇ ಹಣೆಯ ಮೇಲಿತ್ತು. ಬೆಂಚನ್ನು ನೋಡಿ ಮುಖ ತಿರುಗಿಸಿದ. ಬಿದ್ದಲ್ಲಿಂದಲೇ ಮುದುಕಿಗೂ ಬೆಂಚು ಕಂಡಿತು.

"ನಾನಿನ್ನೂ ಸತ್ತಿಲ್ಲ! ಖಿಮೇ, ಎತ್ತೋ ನನ್ನ. ಆ ಚಟ್ಟ ದೂರ ಇಡ್ಸು!"

ಖಿಮ್‌ಲಾಲ್ ಮಂಡಿಯೂರಿದ. ಸುನ್ಕೇಸರಿ ಅತ್ತೆಯ ತಲೆಯನ್ನು ಪಕ್ಕದ ಮನೆಯ ಹೆಂಗಸಿನ ಕೈಗೆ ಒಪ್ಪಿಸಿ ಎದ್ದು ಗಂಡನ ಮುಂದೆ ನಿಂತಳು.

"ಬೇಡ. ಬುಟ್ಟೀಲಿ ಬೇಡ. ನಿಮ್ ಕಾಲ್ ಹಿಡ್ಕೋತೀನಿ."

"ಸರಿ ಆಚೆ."

"ಬೆನ್ ಬಗ್ಗಿದ್ರೆ ಕಾಲು ಹೋಗತ್ತೆ."

ಖಿಮ್‌ಲಾಲನ ದನಿ ಏರಿತು. "ನಾನ್ ಹೊತ್ತೋರಲ್ಲಿ ಯಾರಿಗೆ ಕಾಲ್ ಹೋಗಿದೆ? ಹೇಳು! ಎಲ್ರೂ ಇದಾರೆ, ಎಲ್ರ ಮುಂದೆ ಹೇಳು, ಯಾರಿಗೆ ಹೋಗಿದೆ?"

ಅಂಗಳದ ಆಚೆ ತನ್ನ ಬಾಗಿಲಲ್ಲಿ ತಿಲ್‌ಕುಮಾರಿ ಕೂತಿದ್ದಳು, ಮಡಿಲಲ್ಲಿ ಅರ್ಧ ನೇಯ್ದ ಪಟ್ಟಿ. ಯಾರೂ ಆ ಕಡೆ ನೋಡಲಿಲ್ಲ. ಜೋಳದ ದಂಟು ಮುರಿದ ದಿನವೇ ಉತ್ತರ ಎಲ್ಲರಿಗೂ ಹೊಳೆದಿತ್ತು. ಸುನ್ಕೇಸರಿ ಅದನ್ನು ಒಂದು ಸಲ ಬಾಯಿ ಬಿಟ್ಟು ಹೇಳಿದ್ದರೆ ಗೆಲ್ಲುತ್ತಿದ್ದಳು, ಆ ಗಂಡಸು ಮಾತ್ರ ಮತ್ತೆ ತಲೆಯೆತ್ತುತ್ತಿರಲಿಲ್ಲ. ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಅವಳು ಹೇಳಲಿಲ್ಲ.

ಹಗ್ಗದ ಮೇಲೆ ಒಣಗುತ್ತಿದ್ದ ತನ್ನ ಕೆಂಪು ಶಾಲನ್ನು ಎಳೆದು ಬೆಂಚಿನ ಮೇಲೆ ಹಾಸಿದಳು. ಅದರ ಮೇಲೆ ತಾನೇ ಅಂಗಾತ ಮಲಗಿಬಿಟ್ಟಳು, ಕತ್ತಿನ ಮದುವೆಯ ಮಣಿಸರ ಸರಿಮಾಡಿಕೊಂಡು.

"ಎತ್ತಿ ನನ್ನ. ಅಪಶಕುನ ಇದ್ರೆ ಮೊದ್ಲು ನಂಗೇ ತಗಲ್ಲಿ."

ಯಾರೂ ಕದಲಲಿಲ್ಲ. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಇಂಥ ಹುಚ್ಚಿಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ, ಆದರೆ ಬೆಂಚು ನನ್ನದು. ನಾನು ಒಂದು ಮೂಲೆ ಹಿಡಿದೆ. ಇಸ್ಪೀಟಿನವರಿಬ್ಬರು ಎರಡು ಮೂಲೆ ಹಿಡಿದರು. ನಾಲ್ಕನೆಯದು ಖಾಲಿ. ಎತ್ತಿದರೆ ಹಲಗೆ ವಾಲಿತು. ಅವಳು ಜಾರುತ್ತ, ಆಕಾಶ ನೋಡುತ್ತಲೇ, "ಒಂದು ಮೂಲೆ ನಿಮ್ದು," ಎಂದಳು ಗಂಡನಿಗೆ.

ಖಿಮ್‌ಲಾಲ್ ಎದ್ದ. ಹಣೆಪಟ್ಟಿಯನ್ನು ತೆಗೆದು ಡೋಕೊದೊಳಗೆ ಹಾಕಿದ. ಬಂದು ನಾಲ್ಕನೆಯ ಮೂಲೆಗೆ ಹೆಗಲು ಕೊಟ್ಟ. ಬದುಕಿರುವ ಅವನ ಹೆಂಡತಿಯನ್ನು ಚಟ್ಟದ ಹಾಗೆ ಹೊತ್ತು ನಾವು ಅಂಗಳ ಸುತ್ತತೊಡಗಿದೆವು. ಅರ್ಧ ಸುತ್ತು ಕೂಡ ಆಗಿರಲಿಲ್ಲ, ಮುದುಕಿ ಚೀರಿದಳು.

"ಇಳಿಸ್ರೋ ಅವಳನ್ನ! ಮನೇಲಿ ಇನ್ನೂ ಮಕ್ಳ ಮದ್ವೆ ಆಗ್ಬೇಕು, ಎಮ್ಮೆ ಗಬ್ಬ ಇದೆ, ಅವಳಿಗೇನಾದ್ರೂ ಆದ್ರೆ ಯಾರ್ ನೋಡ್ತಾರೆ? ಇಳಿಸಿ! ನನ್ನೇ ಹಾಕಿ ಅದರ ಮೇಲೆ, ಹಾಳಾಗೋಗ್ಲಿ!"

ಸುನ್ಕೇಸರಿ ಚಂಗನೆ ಇಳಿದು ಬಂದು ಅತ್ತೆಯ ತಲೆ ಹಿಡಿದಳು. ಅವಳು ಹೇಳಿದಂತೆ ನಾವೆಲ್ಲ ಒಂದೇ ಸಲಕ್ಕೆ ಮುದುಕಿಯನ್ನು ಮರದ ದಿಮ್ಮಿ ಉರುಳಿಸಿದ ಹಾಗೆ ಮಗ್ಗುಲಾಗಿಸಿ ಹಲಗೆ ತೂರಿಸಿದೆವು. ಎದೆಗೆ ಒಂದು ಸೀರೆ, ಮಂಡಿಗೆ ಇನ್ನೊಂದು, ಸೊಂಟಕ್ಕೆ ಖಿಮ್‌ಲಾಲನ ಹಣೆಪಟ್ಟಿ ಬಿಗಿದೆವು. ಮೇಲೆ ಕೆಂಪು ಶಾಲು.

ಮೆಟ್ಟಿಲು ಇಳಿಯುವುದು ಡೋಕೊದಷ್ಟು ಸುಲಭವಾಗಿರಲಿಲ್ಲ. ಮುಂದಿನವರು ಬಿದಿರನ್ನು ತಲೆಯೆತ್ತರಕ್ಕೆ ಎತ್ತಬೇಕು, ಹಿಂದಿನವರು ಕುಕ್ಕರಗಾಲಲ್ಲಿ ನಡೆಯಬೇಕು. ಖಿಮ್‌ಲಾಲ್ ಮುಂದಿದ್ದ. ಅವನು ಓಡಲಿಲ್ಲ. ದಾರಿಯಲ್ಲಿ ಮೇಲಕ್ಕೆ ಬರುತ್ತಿದ್ದವರು ನಮ್ಮನ್ನು ಕಂಡು ಪಕ್ಕಕ್ಕೆ ಸರಿದು ಟೋಪಿ ತೆಗೆದು ಕೈ ಮುಗಿದರು.

"ಯಾರಿಗೋ ಕೈ ಮುಗೀತೀಯ, ಮುಟ್ಠಾಳ?" ಎಂದು ಬೆಂಚಿನ ಮೇಲಿನಿಂದ ಮುದುಕಿ ಅಬ್ಬರಿಸಿದಳು. ಮೇಕೆ ಕಾಯುವ ಒಬ್ಬ ಬೆಚ್ಚಿ ಗದ್ದೆಗೆ ಹಾರಿದ. ನಮಗೆ ನಗುವುದಕ್ಕೂ ಉಸಿರಿರಲಿಲ್ಲ.

ಪ್ರತಿ ತಿರುವಿನಲ್ಲಿ ಸುನ್ಕೇಸರಿ, "ಅತ್ತೆ, ಬೆರಳು," ಎನ್ನುತ್ತಿದ್ದಳು. ಹೆಬ್ಬೆರಳು ಆಡುತ್ತಿತ್ತು. ಖಿಮ್‌ಲಾಲ್ ಹಿಂದೆ ತಿರುಗಿ ನೋಡುವಂತಿರಲಿಲ್ಲ, "ಇದ್ಯಾ?" ಎಂದು ಕೇಳುತ್ತಿದ್ದ. "ಇದೆ," ಎನ್ನುತ್ತಿದ್ದಳು. ಎಷ್ಟೋ ದಿನದ ಮೇಲೆ ಆ ಇಬ್ಬರು ಅಷ್ಟು ಸಲ ಮಾತಾಡಿದ್ದು ಅಂದೇ.

ನದಿಯ ಹತ್ತಿರ ಒಂದು ಪಿಕಪ್ ಸಿಕ್ಕಿತು. ಬೆಂಚನ್ನು ಹಾಗೇ ಹಿಂದೆ ಏರಿಸಿದೆವು. ಆಸ್ಪತ್ರೆಯಲ್ಲಿ ಬೆನ್ನಮೂಳೆ ಮುರಿದಿದೆ, ನರ ಉಳಿದಿದೆ ಎಂದರು. ತಿಂಗಳುಗಟ್ಟಲೆ ಮಲಗಿಸಿದರು, ಬೆಲ್ಟ್ ಕಟ್ಟಿದರು. ಮನ್ಸರಿ ಅಜ್ಜಿ ನಡೆದುಕೊಂಡೇ ಊರಿಗೆ ಬಂದಳು, ಕೋಲೂರಿಕೊಂಡು, ನಿಧಾನವಾಗಿ, ಎಲ್ಲರಿಗೂ ಬೈಯುತ್ತ. ನನ್ನ ಅಂಗಡಿಯಲ್ಲಿ ಕೂತು, "ಕಲ್ಲಿನ್ ಮೇಲೆ ಹಲಗೆ! ಬಡವ ಆಗೋದ್ಯೇನೋ ಸಾಹು?" ಎಂದಳು. ನಿನ್ನ ದೆಸೆಯಿಂದಲೇ ಎಂದು ಹೇಳಬೇಕೆಂದಿದ್ದೆ. ಅವಳು ಕಾಲಾಡಿಸುತ್ತ ಕೂತಿದ್ದನ್ನು ನೋಡಿ ಚಹಾ ಕೊಟ್ಟೆ.

ಅದಾದ ಮೇಲೆ ಬೆಂಚು ಎಷ್ಟೋ ಸಲ ಕೆಳಗಿಳಿದಿದೆ. ಕೆಂಪು ಶಾಲು ಹೊದಿಸಿದ್ದರೆ ಬದುಕಿರುವವರು ಎಂದು ಈಗ ಮೂರು ಊರಿಗೆ ಗೊತ್ತು.

ಒಂದು ದಿನ ತಿಲ್‌ಕುಮಾರಿ ನನ್ನನ್ನೂ ಖಿಮ್‌ಲಾಲನನ್ನೂ ಕರೆಸಿದಳು. ಅವಳ ಬಾಗಿಲಲ್ಲಿ ಮೂರು ಹೊಸ ಪಟ್ಟಿಗಳಿದ್ದವು. ಹಣೆಪಟ್ಟಿಗಿಂತ ಅಗಲ, ಅಂಗೈಯಗಲ, ಎರಡು ಪದರ.

"ಎದೆಗೊಂದು, ಸೊಂಟಕ್ಕೊಂದು, ಮಂಡಿಗೊಂದು. ಸೀರೆ ಜಾರತ್ತೆ, ಇದು ಜಾರಲ್ಲ," ಎಂದಳು.

ಖಿಮ್‌ಲಾಲ್ ಪಟ್ಟಿಗಳನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದ. ಹೋಗಲಿಲ್ಲ. ಕೊನೆಗೆ, "ದೀದಿ, ಅವತ್ತು..." ಎಂದ.

"ಗೊತ್ತು," ಎಂದಳು ತಿಲ್‌ಕುಮಾರಿ. "ಅರಳಿಕಟ್ಟೆ ದಾಟಿ ಮೊದಲ್ನೇ ತಿರುವು ಇಳಿದ್ಯಲ್ಲ, ಅಲ್ಲಿ ಹೋಯ್ತು. ಕಾಲ್ ಬಿಸಿಯಾಗಿ ಆಮೇಲೆ ಏನೂ ಇಲ್ಲ. ಅಲ್ಲೇ ಗೊತ್ತಾಯ್ತು ನಂಗೆ."

"ಯಾಕೆ ಹೇಳ್ಲಿಲ್ಲ ದೀದಿ? ನಿಲ್ಸ್ತಿದ್ದೆ ನಾನು."

"ನಿಲ್ಸ್ತಿರ್ಲಿಲ್ಲ. ನೀನು ಅಳ್ತಾ ಓಡ್ತಿದ್ದೆ. ಹೇಳಿದ್ರೆ ಇನ್ನೂ ಜೋರಾಗಿ ಓಡ್ತಿದ್ದೆ."

ಖಿಮ್‌ಲಾಲ್ ಅಲ್ಲೇ ಹೊಸಿಲ ಮೇಲೆ ಕುಸಿದು ಕೂತ. ಅಷ್ಟು ದೊಡ್ಡ ಆಳು ಮಗುವಿನ ಹಾಗೆ ಅತ್ತ. ಅವಳು ಅವನನ್ನು ಸಮಾಧಾನ ಮಾಡಲಿಲ್ಲ, ಹೊಸ ನಾರು ತೆಗೆದು ಹೊಸೆಯುತ್ತ ಕೂತಳು. ಆಮೇಲೆ ಅವನು ಮುಖ ಒರೆಸಿಕೊಂಡು ನನ್ನ ಜೊತೆ ಅಂಗಡಿಗೆ ಬಂದ. ಗಿರಾಕಿಗಳನ್ನು ಎಬ್ಬಿಸಿ, ಬೆಂಚು ಮಗುಚಿ ಹಾಕಿ, ಮೂರೂ ಪಟ್ಟಿಗಳನ್ನು ತಾನೇ ಬಿಗಿದ. ನಾನು ಮೊಳೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ.